ಬಾಯಿಲ್ಲದ ಗಡಿಯಾರ

ಬಸ್ ನಿಲ್ದಾಣಕ್ಕೆ ಕೂಗಳತೆಯಲ್ಲಿ ಮನೆ ಇದ್ದವರ ಕಷ್ಟ ಉಳಿದವರಿಗೆ ಗೊತ್ತಾಗುವುದಿಲ್ಲ. ಶಿಗ್ಗಾಂವಿಗೆ ಸಂತೆಗೆಂದು ಬಂದವರು, ಕಚೇರಿಯ ಕೆಲಸಕ್ಕೆ ಬಂದವರು, ಹಲ್ಲು ಕೀಳಿಸಿಕೊಳ್ಳಲು ಬಂದವರು, ಬಸ್ಸು ತಪ್ಪಿಸಿಕೊಂಡವರು, ಎಲ್ಲರೂ ಸರೋಜವ್ವನ ಪಡಸಾಲೆಯಲ್ಲೇ ಚೀಲ ಇಳಿಸುತ್ತಿದ್ದರು. ಮನೆಯ ಮುಂಭಾಗದಲ್ಲೇ ಗಂಡ ಮಾಲತೇಶನ ಬೀಜ-ಗೊಬ್ಬರದ ಅಂಗಡಿ. ಆತ ಕಂಡವರಿಗೆಲ್ಲ "ಒಳಗ ಹೋಗ್ರಿ, ಚಾ ಕುಡೀರಿ" ಎಂದು ಬಾಯಿತುಂಬ ಹೇಳಿ ಕಳಿಸುತ್ತಿದ್ದ. ಹೇಳಲು ಅವನಿಗೇನು, ಚಹಾ ಕಾಯಿಸುವವನು ಅವನಲ್ಲವಲ್ಲ.

ಹಾಗೆಂದು ಸರೋಜವ್ವ ಕೈ ಬಿಗಿಹಿಡಿಯುವ ಹೆಂಗಸಲ್ಲ. ಬಂದವರಿಗೆ ಚಹಾ, ಹೊತ್ತಾದರೆ ರೊಟ್ಟಿ, ಯಾವುದಕ್ಕೂ ಇಲ್ಲ ಎಂದವಳಲ್ಲ. ಅವಳ ತಕರಾರು ಒಂದೇ, ಬಂದವರು ಏಳುವುದಿಲ್ಲ. "ಯಾವಾಗ ಹೋಗ್ತೀರಿ" ಎಂದು ಕೇಳುವಂತಿಲ್ಲ. ಹೋಗುವ ಮಾತು ಮನೆಯವರ ಬಾಯಲ್ಲಿ ಬರಬಾರದು. ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಟ್ಟೇ ಕಳಿಸಬೇಕು, ಆದರೆ ಆಕೆ ತಾನಾಗಿ "ಬರ್ತೇನಿ" ಅನ್ನುವ ಮೊದಲೇ ಕುಂಕುಮದ ಬಟ್ಟಲು ಹೊರಗೆ ತಂದರೆ ಕುತ್ತಿಗೆ ಹಿಡಿದು ನೂಕಿದ ಹಾಗೆ. ಆ ಒಂದು ಮಾತು ಬೀಳುವ ತನಕ ಮನೆಯಾಕೆ ಒಲೆಯ ಮೇಲಿನ ಹಾಲನ್ನೂ ಮರೆತು ನಗುತ್ತ ಕೂತಿರಬೇಕು.

ಈ ಸಂಕಟದಲ್ಲಿ ಸರೋಜವ್ವನ ಕೈಹಿಡಿದು ನಡೆಸಿದ್ದು ಪಡಸಾಲೆಯ ಗೋಡೆಯ ಮೇಲಿದ್ದ ಮಾವನವರ ಕಾಲದ ಗಡಿಯಾರ. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಹಿತ್ತಾಳೆಯ ಲೋಲಕ. ಇಡೀ ದಿನ ಟಕ್ ಟಕ್ ಎನ್ನುತ್ತ, ತಾಸಿಗೊಮ್ಮೆ ಗಂಟಲು ಸರಿಮಾಡಿಕೊಂಡು ಢಣ್ ಢಣ್ ಎಂದು ಬಡಿಯುತ್ತಿತ್ತು. ಅದು ಬಡಿದ ಕೂಡಲೇ ಕೂತವರು, "ಅಯ್ಯ, ಆಗಲೇ ಮೂರಾತಲ್ಲವಾ. ಬರ್ತೇನಿ ಇನ್ನ" ಎಂದು ಸೆರಗು ಕೊಡವಿ ಏಳುತ್ತಿದ್ದರು. ಸರೋಜವ್ವ "ಇಷ್ಟ ಲಗೂನ? ಊಟಾ ಮಾಡ್ಕೊಂಡ ಹೋಗ್ರಿ" ಎನ್ನುತ್ತಲೇ ಕುಂಕುಮದ ಬಟ್ಟಲಿಗೆ ಕೈ ಹಾಕುತ್ತಿದ್ದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಗಡಿಯಾರಕ್ಕೆ ಕೀಲಿ ಕೊಡುವವಳು ಅವಳೊಬ್ಬಳೇ. ಅದನ್ನು ಅವಳು ಸದಾ ಇಪ್ಪತ್ತು ನಿಮಿಷ ಮುಂದೆ ಇಟ್ಟಿರುತ್ತಿದ್ದಳು ಎಂಬುದು ಗಂಡನಿಗೂ ಗೊತ್ತಿರಲಿಲ್ಲ. ಗಂಡನಿಗೆ ಗೊತ್ತಾಗದ ಸಂಗತಿಗಳಲ್ಲಿ ಅದೇನೂ ದೊಡ್ಡದಲ್ಲ ಬಿಡಿ.

ಆ ಗಡಿಯಾರ ಅತಿ ಹೆಚ್ಚು ಸಲ ಎಬ್ಬಿಸಿ ಕಳಿಸಿದ್ದು ಮಾಲತೇಶನ ಅಕ್ಕ ಭರಮವ್ವನನ್ನು. ಭರಮವ್ವನನ್ನು ಕೊಟ್ಟದ್ದು ದುಂಡಸಿಗೆ. ಸಂತೆ ತಪ್ಪಿದರೂ ಆಕೆ ತವರುಮನೆ ತಪ್ಪಿಸಿದವಳಲ್ಲ. ಬಂದರೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಎಲೆಅಡಿಕೆಯ ಚೀಲ ಬಿಚ್ಚಿ ಕೂತುಬಿಡುತ್ತಿದ್ದಳು. ಕೂರುವುದಾದರೂ ಕೂರಲಿ, ಆಕೆಯ ಬಾಯಿಗೆ ಬೀಗವಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುತ್ತಿದ್ದಳು. ಹೋದ ವರ್ಷ ಸವಣೂರಿನವರು ಮಗಳು ಅಂಕಿತಾಳನ್ನು ನೋಡಲು ಬಂದಾಗ, "ಹುಡುಗಿ ಸ್ವಭಾವ ಹ್ಯಾಂಗ್ರಿ" ಎಂದು ಅವರು ಕೇಳಿದ್ದೇ ತಡ, "ಬಂಗಾರದಂಥಾಕಿ, ಸಿಟ್ಟ ಬಂದಾಗ ಗಂಗಾಳ ಒಗೀತಾಳ ಅಷ್ಟ" ಎಂದುಬಿಟ್ಟಿದ್ದಳು. ಅಂಕಿತಾ ಊಟದ ಗಂಗಾಳ ಎಸೆದದ್ದು ನಿಜ, ಆದರೆ ಆಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಅದನ್ನು ವಿವರಿಸಲು ಸರೋಜವ್ವ ಬಾಯಿ ತೆರೆಯುವಷ್ಟರಲ್ಲಿ ಗಡಿಯಾರ ಹನ್ನೆರಡು ಬಡಿಯತೊಡಗಿತು. ಎಲ್ಲರೂ ಮಾತು ಬಿಟ್ಟು ಎಣಿಸುತ್ತ ಕೂತರು. ಹನ್ನೆರಡು ಮುಗಿಯುವ ಹೊತ್ತಿಗೆ ಸವಣೂರಿನವರು ಚಪ್ಪಲಿ ಮೆಟ್ಟಿದ್ದರು.

ಅಂಕಿತಾ ಆಗ ಅತ್ತಿರಲಿಲ್ಲ, ಬದುಕಿದೆ ಎಂದುಕೊಂಡಿದ್ದಳು. ಈ ಸಲದ ಮಾತೇ ಬೇರೆ. ಈ ಸಲ ಬರುವವರು ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿ ಉಳವಪ್ಪನವರು. ಅವರ ಮಗ ಚನ್ನೇಶ, ಹಾವೇರಿಯಲ್ಲಿ ಬಿ.ಎಡ್. ಓದುವಾಗ ಅಂಕಿತಾಳದೇ ತರಗತಿಯವನು. ಇಬ್ಬರೂ ತಾವೇ ಮಾತಾಡಿಕೊಂಡು, ನಡುವೆ ಒಬ್ಬ ಹಿರಿಯರನ್ನು ಹಿಡಿದು, ದೊಡ್ಡವರೇ ಹುಡುಕಿದ ಸಂಬಂಧದ ಹಾಗೆ ಮಾಡಿ ತಂದಿದ್ದರು. ಇದು ಗೊತ್ತಿದ್ದದ್ದು ಸರೋಜವ್ವನಿಗೆ ಮಾತ್ರ. "ಅವ್ವಾ, ಇದ ತಪ್ಪಿದ್ರ ನಾ ಮತ್ತ ಯಾರ ಮುಂದೂ ಸೀರಿ ಉಟ್ಕೊಂಡ ಕುಂದ್ರೂದಿಲ್ಲ ನೋಡು" ಎಂದು ಮಗಳು ಹೇಳಿದ್ದಳು. ಅಂಕಿತಾ ಆಡಿದಂತೆ ಮಾಡುವವಳು. ಅದಕ್ಕೇ ಸರೋಜವ್ವ ಮಾಡಬಾರದ ಒಂದು ಕೆಲಸ ಮಾಡಿದಳು. ಹೆಣ್ಣು ನೋಡುವ ದಿನ ಸೋದರತ್ತೆಯನ್ನು ಕರೆಯಲಿಲ್ಲ. ಸೋದರತ್ತೆಯನ್ನು ಬಿಟ್ಟು ಮದುವೆಯ ಮಾತು ಆಡುವುದು ಎಂದರೆ ನಮ್ಮ ಕಡೆ ಉಪ್ಪಿಲ್ಲದ ಊಟ ಬಡಿಸಿದ ಹಾಗೆ. ಗೊತ್ತಿದ್ದೂ ಬಡಿಸಲು ಹೊರಟಿದ್ದಳು.

ಮಗಳೂ ತನ್ನ ಕೈಲಾದದ್ದು ಮಾಡಿದಳು. ಅವಳ ಪ್ರಕಾರ ಸವಣೂರಿನ ಸಂಬಂಧ ಕೆಟ್ಟದ್ದು ಅರ್ಧ ಅತ್ತೆಯಿಂದ, ಅರ್ಧ ಗಡಿಯಾರದಿಂದ. ಆನ್‌ಲೈನಿನಲ್ಲಿ ಹೊಸದೊಂದನ್ನು ತರಿಸಿ ಹಳೆಯದನ್ನು ಅಟ್ಟಕ್ಕೆ ಏರಿಸಿದಳು. ಹೊಸದು ಹೋಳಿಗೆಯಷ್ಟು ಅಗಲ, ಬಿಳಿ ಮುಖ, ತಿಳಿ ಮರದ ಅಂಚು. ಮುಖದ ಮೇಲೆ ಒಂದು ಅಂಕಿ ಇಲ್ಲ, ಸಾಸಿವೆ ಸಿಡಿದಂತೆ ಅಲ್ಲಲ್ಲಿ ಚುಕ್ಕಿ. ಎರಡು ಸಣ್ಣ ಮುಳ್ಳು. ಕಿವಿ ಹಚ್ಚಿದರೂ ಸದ್ದಿಲ್ಲ.

"ಜಪಾನ್ ಡಿಸೈನ್ ಅವ್ವಾ. ಮನ್ಯಾಗ ಶಾಂತಿ ಇರ್ಲಿ ಅಂತ ಹಿಂಗ ಮಾಡ್ಯಾರ," ಎಂದಳು ಅಂಕಿತಾ.

"ಜಪಾನಿನವರ ಮನಿಗೆ ಮಂದಿ ಬರೂದಿಲ್ಲೇನು?" ಎಂದು ಸರೋಜವ್ವ ಕೇಳಿದಳು. ಮಗಳಿಗೆ ಆ ಪ್ರಶ್ನೆಯ ಆಳ ತಿಳಿಯಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹಿರೇಕೆರೂರಿನವರು ಬರುತ್ತೇವೆಂದು ತಾವೇ ಗೊತ್ತುಮಾಡಿದ್ದು ಸಂಜೆ ನಾಲ್ಕಕ್ಕೆ, ಅವತ್ತೇ ಸಂತೆ. ಹನ್ನೊಂದರ ಸುಮಾರಿಗೆ ಸರೋಜವ್ವ ಉಪ್ಪಿಟ್ಟಿನ ರವೆ ಹುರಿಯುತ್ತಿದ್ದಾಗ ಪಡಸಾಲೆಯಿಂದ ಮಾಲತೇಶನ ದನಿ ಕೇಳಿತು: "ಬಾ ಅಕ್ಕಾ, ಒಳಗ ಹೋಗು, ಚಾ ಕುಡಿ."

ಸವಟು ಕೈಯಲ್ಲೇ ಉಳಿಯಿತು. ಹೊರಬಂದು ನೋಡಿದರೆ ಭರಮವ್ವ. ಒಂದು ಕೈಯಲ್ಲಿ ಬದನೆಕಾಯಿಯ ಚೀಲ, ಇನ್ನೊಂದರಲ್ಲಿ ಮೆಂತ್ಯೆಸೊಪ್ಪಿನ ಸೂಡು. ಯಾವತ್ತಿನ ಜಾಗದಲ್ಲಿ ಬೆನ್ನು ಕೊಟ್ಟು ಕೂತು, ಯಾವತ್ತಿನ ಅಭ್ಯಾಸದಿಂದ ಗೋಡೆ ನೋಡಿದಳು.

"ಇದೇನ ಸರೋಜಾ, ಗ್ವಾಡಿಗೆ ಹಪ್ಪಳಾ ತೂಗಹಾಕೀರಿ?"

"ಗಡಿಯಾರ ಐತ್ರಿ ಅಕ್ಕಾರ. ಅಂಕಿತಾ ತರಿಸ್ಯಾಳ. ಜಪಾನಿಂದಂತ."

"ಅಪ್ಪನ ಗಡಿಯಾರ?"

"ಅಟ್ಟದ ಮ್ಯಾಲೆ ಇಟ್ಟೇವ್ರಿ. ಬಾಳ ಸದ್ದ ಮಾಡತಿತ್ತು."

ಭರಮವ್ವ ಹಪ್ಪಳವನ್ನು ಇನ್ನೊಮ್ಮೆ ನೋಡಿ, ಒಂದು ಎಲೆಗೆ ಸುಣ್ಣ ಸವರಿದಳು. ಆಮೇಲೆ ಮೂಗರಳಿಸಿ, "ರವಾ ಹುರಿಯಾಕತ್ತಿ. ಯಾರರೆ ಬರಾವರು ಅದಾರೇನು?" ಎಂದಳು.

"ಯಾರೂ ಇಲ್ರಿ. ಮನಿಯವರಿಗೆ ಉಪ್ಪಿಟ್ಟ ತಿನ್ನಬೇಕನ್ನಿಸಿತ್ತಂತ."

ಸುಳ್ಳು ಹೇಳಿದ ಮೇಲೆ ಸರೋಜವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆದರೂ ಲೆಕ್ಕ ಹಾಕಿದಳು. ದುಂಡಸಿಯ ಬಸ್ಸು ಇರುವುದು ಮೂರರ ಮೇಲೆ. ಯಾವತ್ತೂ ಗಡಿಯಾರ ಮೂರು ಬಡಿದ ಕೂಡಲೇ ಭರಮವ್ವ ಏಳುತ್ತಾಳೆ. ಇವತ್ತೂ ಎದ್ದರೆ ನಾಲ್ಕರ ಹೊತ್ತಿಗೆ ಮನೆ ಖಾಲಿ. ಇಷ್ಟು ಲೆಕ್ಕ ಹಾಕಿ ಸಮಾಧಾನಪಟ್ಟು ಒಳಗೆ ಬಂದು ಈರುಳ್ಳಿ ಹೆಚ್ಚುವಾಗ ಅವಳಿಗೆ ಹೊಳೆಯಿತು, ಮೂರು ಬಡಿಯುವುದು ಯಾರು?

ಊಟವಾಯಿತು. ಭರಮವ್ವ ಮಾತಾಡಿದಳು. ದುಂಡಸಿಯ ಕೆರೆಯ ಸುದ್ದಿ, ಹಲ್ಲಿನ ಸುದ್ದಿ, ಎಮ್ಮೆ ಈದ ಸುದ್ದಿ. ಗೋಡೆಯ ಮೇಲಿನ ಹಪ್ಪಳದಲ್ಲಿ ಮುಳ್ಳುಗಳು ಬೆಕ್ಕಿನ ಹೆಜ್ಜೆಯಲ್ಲಿ ಎರಡು ದಾಟಿದವು. ಸರೋಜವ್ವ ಮೂರು ಸಲ ಎದ್ದು ಮೂರು ಸಲ ಕೂತಳು. "ಇವತ್ತ ಸಂತಿ, ಬಸ್ಸಿನ್ಯಾಗ ಗದ್ದಲಿರಬೇಕಲ್ರಿ," ಎಂದು ಹಾದಿ ತೋರಿಸಿದಳು. "ಇರ್ತೈತಿ," ಎಂದಳು ಭರಮವ್ವ, ಇನ್ನೊಂದು ಎಲೆ ಒರೆಸುತ್ತ.

ಅಡುಗೆಮನೆಯಲ್ಲಿ ಅಂಕಿತಾ ಸೀರೆಯ ನೆರಿಗೆ ಹಿಡಿದು ನಿಂತಿದ್ದಳು. ಮುಖ ಅಳುವ ಹಾಗಾಗಿತ್ತು. ತಾಯಿಗೆ ಒಂದು ಉಪಾಯ ಹೇಳಿಕೊಟ್ಟಳು. ಸರೋಜವ್ವ ಮೊಬೈಲಿನಲ್ಲಿ ಅಲಾರಾಂ ಇಡಿಸಿಕೊಂಡು ಹೋಗಿ ಭರಮವ್ವನ ಹತ್ತಿರ ಇಟ್ಟುಬಂದಳು. ಅದು ಕೂಗಿದ್ದೇ ಭರಮವ್ವ ಎತ್ತಿ ಕಿವಿಗೆ ಹಚ್ಚಿ, "ಹಲೋ, ಯಾರ್ರಿ? ಮಾತಾಡ್ರಿ ಜ್ವಾರಾಗಿ," ಎಂದಳು. ಅಲಾರಾಂ ತನ್ನ ಪಾಡಿಗೆ ಹಾಡುತ್ತಿತ್ತು. "ಯಾರೋ ಹಾಡಾ ಹಚ್ಚಿ ಬಿಟ್ಟಾರ ನೋಡು, ಮಾತ ಇಲ್ಲ," ಎಂದು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದಳು.

ಸರೋಜವ್ವ ಅಂಗಡಿಗೆ ಹೋಗಿ ಗಂಡನನ್ನು ಹಿತ್ತಲಬಾಗಿಲಿನಿಂದ ಕರೆತಂದಳು.

"ಅಟ್ಟಾ ಹತ್ರಿ."

"ಯಾಕ?"

"ಹಳೇ ಗಡಿಯಾರಕ್ಕ ಕೀಲಿ ಕೊಟ್ಟು ಮೂರ ಬಡಿಸ್ರಿ."

ಮಾಲತೇಶನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಹೆಂಡತಿಯ ಮುಖ ನೋಡಿ, ಕಾರಣ ಕೇಳುವುದಕ್ಕಿಂತ ಅಟ್ಟ ಹತ್ತುವುದು ಸುಲಭ ಎಂದು ತಿಳಿಯಿತು. ಮೊಣಕಾಲು ಹಿಡಿದುಕೊಂಡು ಅಡುಗೆಮನೆಯ ಬಾಗಿಲೊಳಗಿನ ಏಣಿ ಏರಿದ. ಮೇಲೆ ಕತ್ತಲು, ಜೇಡರಬಲೆ, ಹಳೆಯ ತೊಟ್ಟಿಲು. ಗಡಿಯಾರವನ್ನು ಕಂಬದ ಮೊಳೆಗೆ ನೇತುಹಾಕಿ, ಕೀಲಿ ತಿರುಗಿಸಿ, ಮುಳ್ಳನ್ನು ಬೆರಳಿನಿಂದ ದೂಡಿದ. ಕೆಲವು ದಿನ ಬಾಯಿ ಕಟ್ಟಿದ್ದ ಗಡಿಯಾರ ಖುಷಿಯಿಂದ ಏಳು ಬಡಿಯಿತು. ಮಾಲತೇಶ ಗಾಬರಿಯಾಗಿ ಇನ್ನೂ ದೂಡಿದ. ಎಂಟು ಬಡಿಯಿತು. ಮೂರು ಬರಬೇಕಾದರೆ ಇನ್ನೂ ಎಷ್ಟು ಬಡಿಸಬೇಕು ಎಂದು ಬೆರಳು ಮಡಚಿ ಲೆಕ್ಕ ಹಾಕುತ್ತ ಅವನು ಒಂಬತ್ತಕ್ಕೆ ಬಂದ.

ಕೆಳಗೆ ಭರಮವ್ವ ತಲೆ ಎತ್ತಿ ಅಟ್ಟ ನೋಡಿದಳು.

"ಸರೋಜಾ, ಇಲಿ ಅದಾವೇನು ಮ್ಯಾಲೆ?"

"ಅದಾವ್ರಿ," ಎಂದಳು ಸರೋಜವ್ವ.

"ಶ್ಯಾಣ್ಯಾ ಅದಾವ. ಮಗ್ಗಿ ಹೇಳಾಕತ್ತಾವ."

ಆಗಲೇ ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಹಿರೇಕೆರೂರಿನವರು ಹಾದಿ ಚೆನ್ನಾಗಿತ್ತೆಂದು ಮುಂಚಿತವಾಗಿ ಬಂದಿದ್ದರು. ಉಳವಪ್ಪನವರು ಮುಂದೆ, ಹಿಂದೆ ಹೆಂಡತಿ ಶೀಲಾ, ಅವಳ ಹಿಂದೆ ತಲೆ ತಗ್ಗಿಸಿಕೊಂಡು ಚನ್ನೇಶ. ಮೂವರೂ ಪಡಸಾಲೆಗೆ ಕಾಲಿಡುವುದಕ್ಕೂ, ಹುಡುಗಿಯ ತಂದೆ ತಲೆತುಂಬ ಜೇಡರಬಲೆ ಹೊತ್ತು ಏಣಿಯಿಂದ ಬೆನ್ನು ಮುಂದಾಗಿ ಇಳಿಯುವುದಕ್ಕೂ ಸರಿಹೋಯಿತು. "ಬರ್ರಿ ಬರ್ರಿ," ಎಂದ ಮಾಲತೇಶ, ಏಣಿಯ ಮೇಲಿಂದಲೇ, ಗೋಡೆಯ ಕಡೆ ಮುಖ ಮಾಡಿ.

ಸರೋಜವ್ವ ಭರಮವ್ವನ ಕಡೆ ನೋಡಲಾರದೆ ನೋಡಿದಳು. ಭರಮವ್ವ ಕಾಲು ಮಡಚಿಕೊಂಡು, ಸೆರಗು ಸರಿಮಾಡಿಕೊಂಡು, ಬಂದವರಿಗೆ ಜಾಗ ಮಾಡಿ, "ಕುಂದ್ರಿ," ಎಂದಳು. ಬಂದವರು ಯಾರು, ಏಕೆ ಎಂದು ಒಂದು ಮಾತು ಕೇಳಲಿಲ್ಲ. ಸರೋಜವ್ವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕುಶಲ ಕೇಳಿದ್ದಾಯಿತು, ಮಳೆಯ ಮಾತು ಮುಗಿಯಿತು. ಅಂಕಿತಾ ಉಪ್ಪಿಟ್ಟಿನ ತಟ್ಟೆ ತಂದಿಟ್ಟು, ಚನ್ನೇಶನನ್ನು ಈ ಜನ್ಮದಲ್ಲಿ ಮೊದಲ ಸಲ ನೋಡುತ್ತಿರುವವಳ ಹಾಗೆ ನೋಡಿ, ಚಾಪೆಯ ತುದಿಗೆ ಕೂತಳು. ಆಮೇಲೆ ಮಾತು ನಿಂತಿತು. ಹೆಣ್ಣು ನೋಡುವ ಮನೆಯಲ್ಲಿ ಮಾತು ನಿಲ್ಲುವುದು ಹೊಸದಲ್ಲ. ಆದರೆ ಹಳೆಯ ಗಡಿಯಾರ ಇದ್ದಾಗ ಆ ಖಾಲಿಯಲ್ಲಿ ಟಕ್ ಟಕ್ ಎಂಬ ಒಂದು ಸದ್ದಾದರೂ ಇರುತ್ತಿತ್ತು, ಯಾರೋ ಒಬ್ಬರು ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಅದೂ ಇಲ್ಲ. ಉಳವಪ್ಪನವರು ಉಪ್ಪಿಟ್ಟು ನುಂಗಿದ್ದು ಕೇಳಿಸಿತು. ಶೀಲಾಳ ಬಳೆ ಕೇಳಿಸಿತು. ಎಲ್ಲರೂ ಎಲ್ಲಿ ನೋಡಬೇಕೆಂದು ತಿಳಿಯದೆ ಆ ಬಿಳಿಯ ಹಪ್ಪಳವನ್ನೇ ನೋಡುತ್ತ ಕೂತರು. ಜಪಾನಿನವರು ಮಾಡಿದ ಶಾಂತಿ ಸರೋಜವ್ವನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತು.

ಕೊನೆಗೆ ಶೀಲಾ, "ಉಪ್ಪಿಟ್ಟ ಚಲೋ ಆಗೇತಿ. ಯಾರ ಮಾಡ್ಯಾರ್ರಿ?" ಎಂದಳು.

"ನಮ್ಮ ಅಂಕಿತಾನ ಮಾಡ್ಯಾಳ್ರಿ," ಎಂದಳು ಸರೋಜವ್ವ.

ಆ ಕ್ಷಣಕ್ಕೇ ಅಟ್ಟದ ಮೇಲಿಂದ ಗಡಿಯಾರ ಬಡಿಯತೊಡಗಿತು. ಒಂದು, ಎರಡು, ಮೂರು. ಮಾಲತೇಶ ಮುಳ್ಳನ್ನು ಹತ್ತರ ಹತ್ತಿರ ಬಿಟ್ಟು, ಅದನ್ನು ನಿಲ್ಲಿಸದೆ ಇಳಿದಿದ್ದ. ಉಳವಪ್ಪನವರು ಎಣಿಸುತ್ತ ಹೋದರು, ತುಟಿ ಅಲುಗುವುದು ಕಾಣುತ್ತಿತ್ತು. ಹತ್ತಕ್ಕೆ ನಿಂತಿತು. ಅವರು ಕೈಗಡಿಯಾರ ನೋಡಿಕೊಂಡರು. ಮೂರೂಮುಕ್ಕಾಲು ಆಗಿತ್ತು. ಸರೋಜವ್ವ ಕಣ್ಣು ಮುಚ್ಚಿಕೊಂಡಳು.

ಭರಮವ್ವ ನಕ್ಕುಬಿಟ್ಟಳು. ಎಲೆಅಡಿಕೆ ಬಾಯಿಂದ ಹೊರಬೀಳಬಾರದೆಂದು ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ನೋಡ್ರಿ, ಸುಳ್ಳ ಹೇಳಿದ್ರ ನಮ್ಮಪ್ಪನ ಗಡಿಯಾರ ತಡಕೊಳ್ಳೂದಿಲ್ಲ. ಉಪ್ಪಿಟ್ಟ ಮಾಡಿದಾಕಿ ಸರೋಜಾ. ಅಂಕಿತಾಗ ಒಲಿ ಹಚ್ಚಾಕ ಬರ್ತೈತಿ, ಆರಸೂದು ನೆನಪಿರೂದಿಲ್ಲ. ಹೋದ ಸಲ ನಾ ಬಂದಾಗ ಚಾ ಇಟ್ಟು ಪುಸ್ತಕಾ ಓದಕೋಂತ ಕುಂತಿದ್ಲು, ಬೋಗುಣಿ ಸುಟ್ಟ ಕರ್ರಗಾತು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅಂಕಿತಾ ಚಾಪೆಯ ಎಳೆ ಕೀಳತೊಡಗಿದಳು. ಅವಳ ಕಿವಿ ಕೆಂಪಗಾದದ್ದು ಸರೋಜವ್ವನಿಗೆ ಕಂಡಿತು. ಮಗಳ ಬಾಳು ಒಂದು ತಟ್ಟೆ ಉಪ್ಪಿಟ್ಟಿನಲ್ಲಿ ಮುಳುಗಿತು ಎಂದುಕೊಂಡಳು.

"ಬೋಗುಣಿ ಅಷ್ಟ ಅಲ್ಲ, ಹಾಸ್ಟೆಲ್‌ನ್ಯಾಗ ಒಂದ ಸಲ ಸ್ಟೋವೂ ಸುಟ್ಟಿದ್ಲು," ಎಂದ ಚನ್ನೇಶ. ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ತಿಳಿಯಿತು.

ಉಳವಪ್ಪನವರು ಮಗನ ಕಡೆ ತಿರುಗಿದರು. "ನಿನಗ ಹ್ಯಾಂಗ ಗೊತ್ತು?"

ಚನ್ನೇಶ ಇಂಗು ತಿಂದ ಮಂಗನಂತೆ ಕೂತ. ಅಂಕಿತಾ ಎಳೆ ಕೀಳುವುದನ್ನು ಬಿಟ್ಟು ನಗು ತಡೆಯಲು ತುಟಿ ಕಚ್ಚಿದಳು. ಉಳವಪ್ಪನವರು ಇಬ್ಬರನ್ನೂ ಒಂದಿಷ್ಟು ಹೊತ್ತು ನೋಡಿ, ತಟ್ಟೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದರು: "ಆತು, ಖರೇ ಹೇಳೂ ದಿನಾ ಅಂದ್ರ ನಾವೂ ಒಂದ ಹೇಳಿಬಿಡ್ತೇವಿ. ಹೊರಗ ನಿಂತ ಕಾರ್ ನಮ್ಮದಲ್ಲ. ನಮ್ಮ ತಮ್ಮಂದು. ನಿಮ್ಮ ಬಾಗಲಾ ಮುಂದ ನಿಲ್ಲಸಾಕಂತ ತಂದೇವಿ."

"ಅದನ್ನ ಹೇಳೂದು ಏನಿತ್ತು?" ಎಂದಳು ಶೀಲಾ ಹಲ್ಲು ಕಚ್ಚಿ.

"ಏನಿಲ್ಲ ತಗೋರಿ," ಎಂದಳು ಭರಮವ್ವ. "ನನ್ನ ಲಗ್ನದಾಗ ನಮ್ಮ ಮಾವ ಹೊತ್ತಕೊಂಡ ಬಂದ ಶಲ್ಯಾನೂ ಮಂದಿದ ಇತ್ತು. ಲಗ್ನ ಮುಗದ ಮರದಿನಾ ಅವರ ಬಂದ ಕೇಳಿ ಒಯ್ದರು."

ಶೀಲಾ ನಕ್ಕಳು. ನಕ್ಕ ಮೇಲೆ ಅವಳ ಮುಖವೇ ಬೇರೆಯಾಯಿತು. "ಇವರವ್ವ, ಅಂದ್ರ ನಮ್ಮ ಅತ್ತಿ, ನಾ ಬಂದ ಹೊಸದಾಗ ನನ್ನ ರೊಟ್ಟಿ ನೋಡಿ ಭೂಪಟ ಬಡದಿ ಅಂದಿದ್ಲು," ಎಂದು ಸುರುಮಾಡಿದಳು. ಅಲ್ಲಿಂದ ಮಾತು ಹೊಳೆಯಾಯಿತು. ದುಂಡಸಿಯಲ್ಲಿ ಶೀಲಾಳ ಚಿಕ್ಕಮ್ಮನ ಮನೆ ಇರುವುದು, ಆ ಮನೆಯ ಎಮ್ಮೆ ಭರಮವ್ವನ ಮನೆಯಿಂದಲೇ ಹೋದದ್ದು, ಎಲ್ಲ ಹೊರಬಿದ್ದವು. ಅಂಕಿತಾ ತಾನು ಗಂಗಾಳ ಎಸೆದದ್ದನ್ನು ತಾನೇ ಹೇಳಿದಳು. ಉಳವಪ್ಪನವರು ಅದನ್ನು ಯಾರ ಮೇಲೆ ಎಸೆದೆ ಎಂದು ಕೇಳಿದರು. "ಅಪ್ಪನ ಮ್ಯಾಲೆ," ಎಂದಳು. "ಹಂಗಾರ ಅಡ್ಡಿ ಇಲ್ಲ," ಎಂದರು ಅವರು. ಬೀಗತನ ಮಾತಿನ ಮೇಲೆ ಮಾತು ಬಂದು ತಾನಾಗಿಯೇ ಕೂಡಿಕೊಂಡಿತು. ಹಿರೇಕೆರೂರಿಗೆ ಯಾವಾಗ ಬರುತ್ತೀರಿ ಎಂದು ಅವರೇ ಕೇಳಿದರು. ಮಾಲತೇಶ ತಲೆಯ ಮೇಲಿನ ಜೇಡರಬಲೆ ಸಹಿತ ಹೂಂಗುಟ್ಟುತ್ತ ಕೂತಿದ್ದ.

ಗೋಡೆಯ ಮೇಲೆ ಮುಳ್ಳುಗಳು ಸದ್ದಿಲ್ಲದೆ ನಡೆದವು. ಬೀಗರೂ ಏಳುವ ಲಕ್ಷಣ ಕಾಣಲಿಲ್ಲ. ಎರಡನೆಯ ಚಹಾ ಆಯಿತು. ಬಾಗಿಲಲ್ಲಿ ಬಿಸಿಲು ಇಳಿಯಿತು. ಕೊನೆಗೆ ಭರಮವ್ವ ಹೊರಗಿನ ನೆರಳು ನೋಡಿ, ಮೊಣಕಾಲ ಮೇಲೆ ಕೈಯೂರಿ, "ಬರ್ತೇನಿ ಸರೋಜಾ," ಎಂದಳು. ಆಕೆ ಎದ್ದದ್ದು ನೋಡಿ ಶೀಲಾಳೂ "ಅಯ್ಯ, ಬಾಳ ಹೊತ್ತಾತು," ಎಂದು ಎದ್ದಳು. ಕುಂಕುಮದ ಬಟ್ಟಲು ಬಂತು. ಶೀಲಾಳ ಉಡಿ ತುಂಬಿ, ಬೀಗರನ್ನು ಕಾರಿನ ತನಕ ಕಳಿಸಿ ಬಂದರು. ಆ ಕಾರು ಯಾರದೆಂದು ಈಗ ಎಲ್ಲರಿಗೂ ಗೊತ್ತಿದ್ದುದರಿಂದ ಉಳವಪ್ಪನವರು ಅದರ ಬಾಗಿಲನ್ನು ಬಹಳ ನಾಜೂಕಾಗಿ ಹಾಕಿಕೊಂಡರು.

ಸರೋಜವ್ವ ಒಳಗೆ ಬಂದಾಗ ಭರಮವ್ವ ಒಬ್ಬಳೇ ಪಡಸಾಲೆಯಲ್ಲಿ ನಿಂತು ಬದನೆಕಾಯಿಯ ಚೀಲದ ಬಾಯಿ ಕಟ್ಟುತ್ತಿದ್ದಳು. ಈಗ ಏನಾದರೂ ಹೇಳಬೇಕಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸರೋಜವ್ವ ಕುಂಕುಮದ ಬಟ್ಟಲು ಕೈಯಲ್ಲೇ ಹಿಡಿದು ನಿಂತಳು.

"ಅಕ್ಕಾರ, ನಿಮ್ಮನ್ನ ಕರೀಬೇಕಂತ ಇತ್ರಿ," ಎಂದಳು.

"ಇರ್ಲಿ ಬಿಡು. ರವಾ ಹುರಿಯೂ ವಾಸನಿ ಬಂದಾಗ ನಂಗ ತಿಳೀತು. ಸವಣೂರಿನವರ ಮುಂದ ನಾ ಮಾತಾಡಿದ್ದು ತಪ್ಪ. ನಿನ್ನ ಜಾಗಾದಾಗ ನಾ ಇದ್ದಿದ್ರೂ ಕರೀತಿದ್ದಿಲ್ಲ." ಚೀಲದ ಗಂಟು ಬಿಗಿದು, ಗೋಡೆಯ ಮೇಲಿನ ಹಪ್ಪಳದ ಕಡೆ ಗದ್ದ ಎತ್ತಿದಳು. "ಹಳೇದು ಇದ್ದಿದ್ರ ಮೂರ ಬಡೀತಿತ್ತು, ಎದ್ದ ಹೋಗತಿದ್ದೆ. ಇಪ್ಪತ್ತ ನಿಮಿಷ ಮೊದಲ ಬಡೀತಿತ್ತು."

"ನಿಮಗ ಗೊತ್ತಿತ್ತೇನ್ರಿ?"

"ಅದನ್ನ ಮುಂದ ಇಡಾಕ ಸುರು ಮಾಡಿದಾಕಿ ನಮ್ಮವ್ವ. ನಮ್ಮ ಸ್ವಾದರತ್ತಿ ಬಂದ್ರ ಏಳತಿದ್ದಿಲ್ಲ. ಸ್ಟೂಲ್ ಮ್ಯಾಲೆ ನಿಂತು ಮುಳ್ಳ ದೂಡಾಕಿ ನಾನ. ಅವ್ವ ಕೆಳಗ ಸ್ಟೂಲ್ ಹಿಡಕೊಂಡ ನಿಂದ್ರತಿದ್ಲು. ಅತ್ತಿ ಹೋದ ಮ್ಯಾಲೆ ಇಬ್ಬರೂ ಹೊಟ್ಟಿ ಹಿಡಕೊಂಡ ನಗತಿದ್ವಿ." ಭರಮವ್ವ ನಕ್ಕಳು, ಆಮೇಲೆ ನಗು ನಿಂತಿತು. "ನೀ ಬಂದ ಮ್ಯಾಲೂ ಅದು ಮುಂದ ಇದ್ದದ್ದ ನೋಡಿ, ಈಗ ಸ್ವಾದರತ್ತಿ ಯಾರಂತ ನಂಗ ತಿಳೀತು. ಅದು ಬಡಿದ್ರ ಏಳತಿದ್ದೆ. ನಿಲ್ದಾಣದಾಗ ಕುಂದ್ರತಿದ್ದೆ ಬಸ್ ಬರೂತನಾ. ಅಲ್ಲೂ ನೆರಳ ಐತಿ, ಅಡ್ಡಿ ಇಲ್ಲ. ಆದ್ರ ಇವತ್ತ ಗಡಿಯಾರನೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ತವರುಮನ್ಯಾಗ ಹೊಟ್ಟಿತುಂಬ ಕುಂತೆ."

ಇಷ್ಟು ವರ್ಷ ಆ ಗಡಿಯಾರ ಬಡಿದಾಗಲೆಲ್ಲ ಗೆದ್ದೆ ಎಂದುಕೊಂಡಿದ್ದ ಸರೋಜವ್ವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ನಿಲ್ದಾಣದ ಸಿಮೆಂಟಿನ ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕೂತ ಭರಮವ್ವ ಕಣ್ಣೆದುರಿಗೆ ಬಂದಳು. ಅಡುಗೆಮನೆಯ ಕಿಟಕಿಯಿಂದ ಇಣುಕಿದ್ದರೆ ಆ ಕಟ್ಟೆ ಕಾಣುತ್ತಿತ್ತು. ಯಾವತ್ತೂ ಇಣುಕಿರಲಿಲ್ಲ.

"ಇವತ್ತ ಇದ್ದ ಬಿಡ್ರಿ ಅಕ್ಕಾರ," ಎಂದಳು.

ಭರಮವ್ವ ಅವಳ ಮುಖ ನೋಡಿದಳು. ಈ ಮಾತನ್ನು ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಹೇಳುತ್ತಾರೆ, ಹೇಳುವಾಗ ಕುಂಕುಮದ ಬಟ್ಟಲು ಕೈಯಲ್ಲೇ ಇರುತ್ತದೆ. ಸರೋಜವ್ವ ಬಟ್ಟಲು ಕೆಳಗಿಟ್ಟಳು. ಬದನೆಕಾಯಿಯ ಚೀಲ ಕಸಿದುಕೊಂಡು, ಮೆಂತ್ಯೆಸೊಪ್ಪನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಸೊಪ್ಪು ಸೋಸಲು ಕೂತುಬಿಟ್ಟಳು. ಸೋಸಿದ ಸೊಪ್ಪನ್ನು ದುಂಡಸಿಗೆ ಯಾರೂ ಒಯ್ಯುವುದಿಲ್ಲ.

ಮರುದಿನ ಮಾಲತೇಶನಿಗೆ ಮತ್ತೆ ಅಟ್ಟ ಹತ್ತಬೇಕಾಯಿತು. ಹಳೆಯ ಗಡಿಯಾರ ಇಳಿದು ಬಂದು ಹಪ್ಪಳದ ಪಕ್ಕದಲ್ಲಿ ಕೂತಿತು. ಅಂಕಿತಾ ಪಾಠ ಹೇಳಲು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಏನೋ ಅನ್ನಲು ಬಂದವಳು, ತಾಯಿಯ ಮುಖ ನೋಡಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಸರೋಜವ್ವ ಸ್ಟೂಲಿನ ಮೇಲೆ ನಿಂತು, ಹಪ್ಪಳವನ್ನು ಒಂದು ಕಣ್ಣಿನಿಂದ ನೋಡುತ್ತ, ಹಳೆಯದಕ್ಕೆ ಕೀಲಿ ಕೊಟ್ಟಳು. ಮುಳ್ಳು ತಿರುಗಿಸಿ ಇಳಿದಳು.

ಮಧ್ಯಾಹ್ನ ಅದು ಮೂರು ಬಡಿಯಿತು. ಎಲೆ ಮಡಚುತ್ತಿದ್ದ ಭರಮವ್ವ ಅಭ್ಯಾಸದಂತೆ ಎದ್ದಳು. "ಬರ್ತೇನಿ ಸರೋಜಾ." ಸರೋಜವ್ವ ಕುಂಕುಮ ಕೊಟ್ಟಳು, ಉಡಿ ತುಂಬಿದಳು, ಬಾಗಿಲ ತನಕ ಬಂದಳು. ಆಮೇಲೆ ಒಳಗೆ ಹೋಗಿ ಒಲೆಯ ಮೇಲೆ ಇಬ್ಬರಿಗಾಗುವಷ್ಟು ಚಹಾ ಇಟ್ಟು, ಈ ಸಲ ಕಿಟಕಿಯ ಹತ್ತಿರವೇ ನಿಂತಳು.

ಚಹಾ ಉಕ್ಕುವ ಹೊತ್ತಿಗೆ ಭರಮವ್ವ ತಿರುಗಿ ಬಂದಳು. ಚೀಲವನ್ನು ಧೊಪ್ಪೆಂದು ಇಳಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ಗೋಡೆಯ ಮೇಲಿದ್ದ ಎರಡನ್ನೂ ಬಾರಿಬಾರಿಗೆ ನೋಡಿದಳು.

"ಬಸ್ ಹೋಗಿಬಿಟ್ಟೈತಿ. ನಿನ್ನ ಗಡಿಯಾರ ಮುಂದ ಇರತಿತ್ತಲ್ಲ?"

"ಈಗ ಹಿಂದ ಐತ್ರಿ ಅಕ್ಕಾರ," ಎಂದಳು ಸರೋಜವ್ವ, ಚಹಾ ಸೋಸುತ್ತ.

ಭರಮವ್ವ ಗೋಡೆಗೆ ಬೆನ್ನು ಕೊಟ್ಟು ಕೂತು, ಕಾಲು ಚಾಚಿ, ಎಲೆಅಡಿಕೆಯ ಚೀಲ ಬಿಚ್ಚಿದಳು.

"ಮುಂದಿನ ಬಸ್ ಯಾವಾಗ ಐತೋ ಏನೋ."

"ಗಡಿಯಾರ ಹೇಳ್ತೈತಿ ತಗೋರಿ," ಎಂದಳು ಸರೋಜವ್ವ. "ನೀವು ಕುಂದ್ರಿ."